ನೆಲಕ್ಕೆ ಎಷ್ಟು ಬೆರಳು

ನಮ್ಮೂರಿನ ಮಕ್ಕಳ ದವಾಖಾನೆಯಲ್ಲಿ ಸರ್ಕಾರ ನನಗೆ ಪಗಾರ ಕೊಡುವುದು ಮಾತಾಡುವುದಕ್ಕೆ. ನಗಬೇಡಿ. ಕಾಗದದ ಮೇಲೆ ನನ್ನ ಹುದ್ದೆಯ ಹೆಸರು ‘ಶಿಶು ಸಂವಾದ ಸಹಾಯಕಿ’ ಎಂದಿದೆ. ಅದನ್ನು ತಡವರಿಸದೆ ಹೇಳುವವರು ಊರಿನಲ್ಲಿ ಯಾರೂ ಇಲ್ಲ, ನನ್ನನ್ನೂ ಸೇರಿಸಿ. ಓಣಿಯವರಿಗೆ ನಾನು ಮಾತಿನ ಕಾಶವ್ವ. ಬಾಯಿಬಡಕಿ ಕಾಶವ್ವ ಎನ್ನುವವರೂ ಇದ್ದಾರೆ. ಅನ್ನಲಿ ಬಿಡಿ, ಅವರ ಮಕ್ಕಳನ್ನು ಕೆಳಗಿಳಿಸಿದವಳೂ ನಾನೇ.

ನಮ್ಮಲ್ಲಿ ಕೂಸು ಹುಟ್ಟಿದ ಕೂಡಲೇ ಸೂಲಗಿತ್ತಿ ಮೊದಲು ಉಡಿದಾರ ಕಟ್ಟುತ್ತಾಳೆ. ಆ ಉಡಿದಾರಕ್ಕೆ ಉದ್ದನೆಯ ಇನ್ನೊಂದು ದಾರ ಸೇರಿಸಿ ಅದರ ತುದಿಯನ್ನು ಬಾಣಂತಿಯ ಮಂಚದ ಕಾಲಿಗೆ ಬಿಗಿಯುತ್ತಾಳೆ. ಕಟ್ಟುವುದು ಒಂದು ಗಳಿಗೆ ತಡವಾದರೂ ಕೂಸು ಗಾಳಿಯಲ್ಲಿ ತೇಲಿ ಜಂತಿಗೆ ಹೋಗಿ ಕೂತಿರುತ್ತದೆ, ಏಣಿ ತರಬೇಕಾಗುತ್ತದೆ. ಆಮೇಲೆ ಮನೆಯವರು ಮಾತಾಡಿಸಿದಂತೆಲ್ಲ, ಆಡಿಸಿದಂತೆಲ್ಲ ಅದು ಇಳಿಯುತ್ತ ಬರುತ್ತದೆ. ವರ್ಷ ತುಂಬುವ ಹೊತ್ತಿಗೆ ನೆಲದಿಂದ ಎರಡು ಮೊಳ, ಎರಡು ವರ್ಷಕ್ಕೆ ಒಂದು ಮೊಳ, ಮೂರಕ್ಕೆ ನೆಲ. ಮೂರು ತುಂಬಿದ ದಿನ ಹುಟ್ಟಿದ ಹೊತ್ತಿಗೇ ದಾರ ಕತ್ತರಿಸುತ್ತಾರೆ. ಆ ಗಳಿಗೆಯಲ್ಲಿ ಎಷ್ಟು ಎತ್ತರದಲ್ಲಿದೆಯೋ ಜೀವಮಾನವೆಲ್ಲ ಅಷ್ಟೇ ಎತ್ತರ. ಕತ್ತರಿಸದೆ ಬಿಟ್ಟು ನೋಡಿದವರಿದ್ದಾರೆ. ಏನೂ ಪ್ರಯೋಜನವಾಗಿಲ್ಲ.

ನಾನು ಒಂದು ಬೆರಳು ಮೇಲಿದ್ದೇನೆ. ನಮ್ಮವ್ವ ಕೆಟ್ಟವಳಲ್ಲ. ಒಂಬತ್ತು ಹೆತ್ತಳು, ನಾನು ಎಂಟನೆಯವಳು, ನನ್ನ ಸರದಿ ಬರುವ ಹೊತ್ತಿಗೆ ಪಾಪ ಅವಳಿಗೆ ಮಾತೇ ಉಳಿದಿರಲಿಲ್ಲ. ಒಂದು ಬೆರಳು ಏನು ಮಹಾ ಎನ್ನಬೇಡಿ. ಬಾವಿಯ ಹಗ್ಗ ಜಗ್ಗಿದರೆ ಕೊಡ ಮೇಲೆ ಬರುವುದಿಲ್ಲ, ನಾನೇ ಬಾವಿಯ ಕಡೆ ಜಾರುತ್ತೇನೆ. ಆಷಾಢದ ಗಾಳಿಗೆ ಸೆರಗಿನಲ್ಲಿ ಕಲ್ಲು ಕಟ್ಟಿಕೊಂಡು ಗೋಡೆ ಹಿಡಿದು ನಡೆಯುತ್ತೇನೆ. ಒಂದು ಸಂಬಂಧ ಬಂದಿತ್ತು. ಹುಡುಗನ ಸೋದರತ್ತೆ ನನ್ನ ಕಾಲ ಕೆಳಗೆ ಬಗ್ಗಿ ನೋಡಿ, ‘ಮದುವ್ಯಾಗ ಸಣೆಕಲ್ಲು ಮೆಟ್ಟಾಕ ಕಾಲಾ ಮುಟ್ಟೂದಿಲ್ಲಲ್ಲವಾ’ ಎಂದು ಎದ್ದು ಹೋದಳು. ಹಿಂದಿನ ಓಣಿಯ ರಾಚಪ್ಪ ಒಂದು ಗೇಣು ಮೇಲಿದ್ದಾನೆ. ಅವನಿಗಾಗಿಯೇ ಪುರಸಭೆಯವರು ಓಣಿಯುದ್ದಕ್ಕೂ ಹಗ್ಗ ಕಟ್ಟಿಸಿದ್ದಾರೆ. ಅದನ್ನು ಹಿಡಿದುಕೊಂಡೇ ಅವನು ಅಂಗಡಿಗೆ ಹೋಗಬೇಕು, ಬರಬೇಕು. ಅವನಿಗೆ ಹೋಲಿಸಿದರೆ ನಾನು ಸುಖಿ.

ಆರು ವರ್ಷದ ಹಿಂದೆ ಸರ್ಕಾರದ ಆದೇಶವೊಂದು ಬಂತು. ಮಕ್ಕಳ ದವಾಖಾನೆಗಳಲ್ಲಿ ಸೂಜಿ, ಔಷಧಿ, ತೂಕದ ಜೊತೆಗೆ ಮಕ್ಕಳನ್ನು ಮಾತಾಡಿಸುವ, ಆಡಿಸುವ, ತಾಯಂದಿರಿಗೆ ಅದನ್ನು ಕಲಿಸುವ ಒಬ್ಬರು ಇರಬೇಕು, ಅದಕ್ಕೆ ಅನುದಾನ ಕೊಡುತ್ತೇವೆ ಎಂದು. ನಮ್ಮ ತಸ್ನೀಮ್ ಡಾಕ್ಟರು ಇಡೀ ಊರನ್ನು ಬಿಟ್ಟು ನನ್ನನ್ನು ಕರೆದರು. ‘ಮಕ್ಕಳು ಸೂಜಿಗೆ ಹೆಂಗೂ ಇಲ್ಲಿ ಬರ್ತಾವ ಕಾಶವ್ವ. ಬಂದಾಗನ ಹಿಡಕೋಬೇಕು. ನೀನು ಹಿಡಕೊ’ ಎಂದರು. ಅವರು ಕಲಿಸಿದ್ದು ಮೂರೇ ವಿಷಯ. ಕೂಸಿನ ಕಣ್ಣು ನೋಡಬೇಕು, ಒಂದು ಮಾತು ಹೇಳಬೇಕು, ಆಮೇಲೆ ಬಾಯಿ ಮುಚ್ಚಿಕೊಂಡು ಅದರ ಉತ್ತರಕ್ಕೆ ಕಾಯಬೇಕು. ಊ ಅಂದರೂ ಉತ್ತರ, ಕಾಲು ಒದ್ದರೂ ಉತ್ತರ. ಮೊದಲೆರಡು ನನಗೆ ಹುಟ್ಟಿನಿಂದಲೇ ಬಂದಿದ್ದವು. ಮೂರನೆಯದು, ನಿಮ್ಮಾಣೆ, ಈಗಲೂ ಪೂರ್ತಿ ಬಂದಿಲ್ಲ.

ಬಾಗಿಲ ಪಕ್ಕದ ಗೋಡೆಗೆ ಕಪ್ಪು ಬಣ್ಣದಲ್ಲಿ ಬೆರಳು, ಗೇಣು, ಮೊಳ ಎಂದು ಗೆರೆ ಎಳೆದಿದ್ದೇವೆ. ಸೂಜಿಗೆ ಬಂದ ಪ್ರತಿ ಕೂಸನ್ನೂ ಅಲ್ಲಿ ಬಿಟ್ಟು, ನೆಲಕ್ಕೆ ಎಷ್ಟು ಬೆರಳು ಬಾಕಿ ಎಂದು ಅದರ ಕಾರ್ಡಿನಲ್ಲಿ ಬರೆಯುವುದು ನನ್ನ ಕೆಲಸ. ಬಾಳವ್ವ ಎಂಬ ಹುಡುಗಿ ಮೊದಲ ಸಲ ಆ ಗೋಡೆಯ ಹತ್ತಿರ ಬಂದಾಗ ಎರಡು ವರ್ಷ ಮೂರು ತಿಂಗಳಿನವಳು, ಎತ್ತರ ಎರಡು ಮೊಳ. ವರ್ಷದ ಕೂಸಿನ ಎತ್ತರ! ನನ್ನ ಬಾಯಿಂದ ‘ಅಯ್ಯ ನಮ್ಮವ್ವಾ’ ಎಂದು ಬಂದೇಬಿಟ್ಟಿತು, ಡಾಕ್ಟರು ನನ್ನ ಕಡೆ ಗುರ್ ಎಂದು ನೋಡಿದರು. ಹುಡುಗಿ ಮಾತ್ರ ನನ್ನನ್ನು ಕಣ್ಣು ಮಿಟುಕಿಸದೆ ನೋಡಿದಳು. ಅಳಲಿಲ್ಲ, ನಗಲಿಲ್ಲ, ಏನನ್ನೂ ಕೇಳಲಿಲ್ಲ.

ಅವಳ ಅವ್ವ ನಿಂಬೆವ್ವ ಮೆಣಸಿನಕಾಯಿ ವಖಾರಿಯಲ್ಲಿ ತೊಟ್ಟು ಮುರಿಯುವವಳು. ಆ ವಖಾರಿಯೊಳಗೆ ಬಾಯಿ ತೆರೆಯುವಂತಿಲ್ಲ. ಬೆಳಿಗ್ಗೆ ಮೂಗುಬಾಯಿಗೆ ಬಟ್ಟೆ ಕಟ್ಟಿಕೊಂಡು ಕೂತರೆ ಬಿಚ್ಚುವುದು ದೀಪ ಹಚ್ಚುವ ಹೊತ್ತಿಗೆ. ಹತ್ತು ವರ್ಷದ ಘಾಟಿಗೆ ಅವಳ ಗಂಟಲು ಕೆಟ್ಟು, ಮಾತಾಡಿದರೆ ಗರಗರ ಎನ್ನುತ್ತಿತ್ತು, ನಾಲ್ಕನೇ ಮಾತಿಗೆ ಕೆಮ್ಮು. ಗಂಡ ಕಟಾವಿನ ಯಂತ್ರದ ಹಿಂದೆ ಊರೂರು ಹೋಗುವವನು. ಅವಳಿಗೆ ಮಗಳ ಮೇಲೆ ಪ್ರೀತಿ ಕಡಿಮೆ ಎಂದು ಯಾರಾದರೂ ಅಂದರೆ ಅವರ ಬಾಯಿಗೆ ಅದೇ ಮೆಣಸಿನಕಾಯಿ ತುರುಕುತ್ತೇನೆ. ಪ್ರತಿ ಗುರುವಾರ ಅರ್ಧ ದಿನದ ಕೂಲಿ ಬಿಟ್ಟು ಹುಡುಗಿಯನ್ನು ನನ್ನ ಮುಂದೆ ತಂದು ಕೂರಿಸುತ್ತಿದ್ದಳು. ನಾನು ಮಾತಾಡುತ್ತಿದ್ದೆ, ಕಾಯುತ್ತಿದ್ದೆ, ಕಾಯಲಾಗದೆ ಮತ್ತೆ ಮಾತಾಡುತ್ತಿದ್ದೆ. ಆರು ತಿಂಗಳಲ್ಲಿ ಬಾಳವ್ವ ಎರಡು ಮೊಳದಿಂದ ಒಂದು ಗೇಣಿಗೆ ಬಂದಳು. ಮೂರು ತುಂಬಲು ಇನ್ನು ಮೂರೇ ತಿಂಗಳು. ಕೊನೆಯ ಗೇಣೇ ಕಷ್ಟದ್ದು ಎಂಬುದು ಈ ಕೆಲಸದಲ್ಲಿರುವ ಎಲ್ಲರಿಗೂ ಗೊತ್ತು. ಅಲ್ಲಿಗೇ ನಿಂತರೆ ಅವಳೂ ರಾಚಪ್ಪನ ಹಾಗೆ ಹಗ್ಗ ಹಿಡಿಯಬೇಕು.

ಸರಿಯಾಗಿ ಅದೇ ಹೊತ್ತಿಗೆ ಜಿಲ್ಲಾ ಕಚೇರಿಯಿಂದ ಪತ್ರ ಬಂತು. ‘ಸದರಿ ಹುದ್ದೆಯ ಅವಶ್ಯಕತೆಯನ್ನು ಖುದ್ದು ಪರಿಶೀಲಿಸಲಾಗುವುದು.’ ಬರುವ ಗುರುವಾರ ವಿರೂಪಾಕ್ಷಯ್ಯ ಎಂಬ ಸಾಹೇಬರು ಬರುತ್ತಾರಂತೆ. ಅನುದಾನ ಮುಂದುವರಿಸುವುದೋ ನಿಲ್ಲಿಸುವುದೋ ಅವರು ಬರೆದ ಹಾಗೆ. ಆ ರಾತ್ರಿ ನನಗೆ ಅನ್ನ ಇಳಿಯಲಿಲ್ಲ. ನನ್ನ ಪಗಾರದ ಚಿಂತೆ ಇರಲಿಲ್ಲ ಎಂದರೆ ಸುಳ್ಳಾಗುತ್ತದೆ, ಆದರೆ ಕಣ್ಣ ಮುಂದೆ ನಿಂತದ್ದು ಬಾಳವ್ವನೇ. ಇವಳನ್ನು ಅರ್ಧಕ್ಕೆ ಬಿಟ್ಟರೆ ಹೇಗಪ್ಪಾ ಎಂದು ಒಬ್ಬಳೇ ಅತ್ತೆ.

ಆಮೇಲೆ ನಾನು ಮಾಡಿದ್ದು ಶುದ್ಧ ದಡ್ಡತನ. ಬೇರೆ ಯಾರ ತಲೆಯ ಮೇಲೂ ಹಾಕುವುದಿಲ್ಲ. ಸಾಹೇಬರು ಬಂದಾಗ ಮಕ್ಕಳು ಗಾಳಿಯಲ್ಲಿ ಓಲಾಡುತ್ತಿದ್ದರೆ, ಆರು ವರ್ಷ ಈ ಹೆಂಗಸು ಏನು ಮಾಡಿದಳು ಎಂದು ಕೇಳುವುದಿಲ್ಲವೇ? ಅದಕ್ಕೆ ಸೈಕಲ್ ಅಂಗಡಿಯಿಂದ ಹಳೆಯ ಕಬ್ಬಿಣದ ನಟ್ಟುಗಳನ್ನು ತಂದೆ. ಚಿಕ್ಕ ಚಿಕ್ಕ ಬಟ್ಟೆಯ ಚೀಲ ಹೊಲಿದು, ನಟ್ಟು ತುಂಬಿ, ಬುಧವಾರ ಮನೆಮನೆಗೆ ಹೋಗಿ ತಾಯಂದಿರಿಗೆ ಕೊಟ್ಟೆ. ‘ಅರಿವಿ ಒಳಗ ಉಡಿದಾರಕ್ಕ ಕಟ್ಟರಿ. ಒಂದು ತಾಸಿನ ಮಾತು. ಡಾಕ್ಟರಿಗೆ ಹೇಳಬ್ಯಾಡ್ರಿ’ ಎಂದೆ. ಭಾರ ಕಟ್ಟಿದರೆ ಕೂಸು ಇಳಿಯುವುದಿಲ್ಲ, ಇಳಿದಂತೆ ಕಾಣುತ್ತದೆ ಅಷ್ಟೇ. ಇದನ್ನು ಊರಿಗೆಲ್ಲ ಹೇಳಿಕೊಟ್ಟವಳು ನಾನೇ. ಎಲ್ಲರೂ ಒಪ್ಪಿದರು. ನಿಂಬೆವ್ವ ಮಾತ್ರ ಚೀಲವನ್ನು ಅಂಗೈಯಲ್ಲಿ ತೂಗಿ ನೋಡಿ, ‘ಇದನ್ನ ಕಟ್ಟಿದ್ರ ನಿನ್ನ ಕೆಲಸ ಉಳಿತೈತೇನ ಕಾಶಕ್ಕ?’ ಎಂದು ಕೇಳಿದಳು. ಉಳಿಯುತ್ತದೆ ಎಂದೆ.

ಗುರುವಾರ ಸಾಹೇಬರು ಬಂದರು. ಎತ್ತರದ ಆಳು, ಕೈಯಲ್ಲಿ ಕೆಂಪು ಕಡತ, ಬಂದವರೇ ಕರವಸ್ತ್ರದಿಂದ ಕುತ್ತಿಗೆ ಒರೆಸಿಕೊಂಡರು. ನಮ್ಮ ದವಾಖಾನೆಯಲ್ಲಿ ಫ್ಯಾನು ಇಲ್ಲ, ಯಾಕೆಂದು ಹೇಳಬೇಕಾಗಿಲ್ಲ. ಸಾಹೇಬರು ಒಂದು ಕಿಟಕಿ ತೆಗೆಸಿ ಕುರ್ಚಿಯಲ್ಲಿ ಕೂತು ನನ್ನನ್ನು ಕೇಳಿದರು, ‘ನೀವು ಇಲ್ಲಿ ಏನು ಮಾಡ್ತೀರಮ್ಮ?’

‘ಮಾತಾಡ್ತೀನ್ರಿ.’

‘ಯಾರ ಜೊತೆ?’

‘ಕೂಸುಗಳ ಜೋಡಿರಿ. ಆಮ್ಯಾಲ ಅವರ ಅವ್ವಂದಿರ ಜೋಡಿ.’

‘ಮಾತು ಎಲ್ಲರ ಮನೆಯಲ್ಲೂ ಪುಕ್ಕಟೆ ಸಿಗುತ್ತೆ. ಅದಕ್ಕೆ ಸರ್ಕಾರ ಯಾಕೆ ಪಗಾರ ಕೊಡಬೇಕು?’

ನನ್ನ ನಾಲಗೆಯ ತುದಿಗೆ ಬಂದ ಉತ್ತರವನ್ನು ಡಾಕ್ಟರು ನನ್ನ ಸೆರಗು ಜಗ್ಗಿ ತಡೆದರು. ಸಾಹೇಬರು ಎದ್ದು ಮಕ್ಕಳನ್ನು ನೋಡಿದರು. ಬೆಂಚಿನುದ್ದಕ್ಕೂ ತಾಯಂದಿರು, ಅವರ ಕಾಲ ಬಳಿ ಹದಿನಾಲ್ಕು ಮಕ್ಕಳು, ಎಲ್ಲವೂ ಕೆಂಪು ಗಾರೆ ನೆಲದ ಮೇಲೆ ಗಟ್ಟಿಯಾಗಿ ಕೂತಿವೆ. ಬೆಂಚಿನ ಕೊಂಡಿಗಳಿಗೆ ದಾರ ಕೂಡ ಕಟ್ಟಿರಲಿಲ್ಲ, ಅಷ್ಟು ಧೈರ್ಯ ನಮಗೆ. ಡಾಕ್ಟರು ಕನ್ನಡಕ ತೆಗೆದು ಒರೆಸಿ ಮತ್ತೆ ಹಾಕಿಕೊಂಡು ನೋಡಿದರು. ಆಮೇಲೆ ನನ್ನನ್ನು ನೋಡಿದರು. ನಾನು ಛಾವಣಿ ನೋಡಿದೆ.

‘ಭೇಷ್,’ ಎಂದರು ಸಾಹೇಬರು. ಅವರ ಮುಖ ಅರಳಿತ್ತು. ‘ಏಳು ತಿಂಗಳ ಕೂಸು ಸಹ ನೆಲದ ಮೇಲಿದೆ! ನಾನು ಜಿಲ್ಲೆಯಲ್ಲಿ ಎಲ್ಲೂ ಇಂಥದ್ದು ನೋಡಿಲ್ಲ.’ ಕುರ್ಚಿಯಲ್ಲಿ ಕೂತು ಪೆನ್ನಿನ ಟೊಪ್ಪಿಗೆ ತೆಗೆದರು. ‘ಡಾಕ್ಟರೇ, ನಿಮ್ಮಲ್ಲಿ ಮೇಲಿರುವ ಮಗುವೇ ಇಲ್ಲ. ಅಂದ ಮೇಲೆ ಈ ಹುದ್ದೆಯೂ ಬೇಕಾಗಿಲ್ಲ ಅಲ್ಲವೇ? ತಿಂಗಳ ಕೊನೆಗೆ ಮುಗಿಸಿಬಿಡೋಣ. ಈ ಅನುದಾನವನ್ನು ಅವಶ್ಯಕತೆ ಇರುವ ಕಡೆ ಕೊಡಬಹುದು.’ ಅವರು ಸಂತೋಷದಿಂದಲೇ ಹೇಳಿದರು, ಅದೇ ದೊಡ್ಡ ಕಷ್ಟ. ತಾಯಂದಿರೆಲ್ಲ ಒಮ್ಮೆಲೇ ನನ್ನ ಕಡೆ ತಿರುಗಿದರು.

ನಾನು ಬಾಳವ್ವನನ್ನು ನೋಡಿದೆ. ಅವಳಿಗೆ ಎರಡು ಚೀಲ ಕಟ್ಟಿದ್ದೆವು. ನೆಲಕ್ಕೆ ಬಿದ್ದ ಮೂಟೆಯ ಹಾಗೆ ಕೂತಿದ್ದಳು, ಯಾವ ಕಡೆಗೂ ಸರಿಯಲು ಬರುತ್ತಿರಲಿಲ್ಲ. ಎರಡೂ ಕೈಯಿಂದ ಹೊಟ್ಟೆಯ ಹತ್ತಿರದ ಚೀಲ ಹಿಡಿದುಕೊಂಡು, ಇದೇನು ಮಾಡಿದಿರಿ ನನಗೆ ಎನ್ನುವಂತೆ ತಾಯಿಯನ್ನು ನೋಡುತ್ತಿದ್ದಳು. ನನಗೆ ತಡೆಯಲಾಗಲಿಲ್ಲ. ಸೂಜಿಯ ಟ್ರೇಯಲ್ಲಿದ್ದ ಕತ್ತರಿ ತೆಗೆದುಕೊಂಡು ಹೋಗಿ, ಅವಳ ದಾರದ ತುದಿಯನ್ನು ನನ್ನ ಮುಷ್ಟಿಗೆ ಸುತ್ತಿಕೊಂಡು, ಎರಡೂ ಚೀಲ ಕತ್ತರಿಸಿದೆ. ನಟ್ಟುಗಳು ಟಣಟಣ ಎಂದು ನೆಲಕ್ಕೆ ಬಿದ್ದವು. ಬಾಳವ್ವ ನಿಧಾನವಾಗಿ ಒಂದು ಗೇಣು ಮೇಲೆದ್ದು ನಿಂತಳು.

‘ತಪ್ಪಾತ್ರಿ ಸಾಹೇಬರ,’ ಎಂದೆ. ‘ನಂದ ತಪ್ಪು. ಡಾಕ್ಟರಿಗೆ ಗೊತ್ತಿಲ್ಲ, ಇವರ್ಯಾರದೂ ತಪ್ಪಿಲ್ಲ. ಈ ಹುಡುಗಿಗೆ ಇನ್ನ ಮೂರು ತಿಂಗಳದಾಗ ಮೂರು ತುಂಬತಾವ. ಇನ್ನೂ ಒಂದು ಗೇಣು ಬಾಕಿ ಐತ್ರಿ. ನನ್ನ ಮನೀಗೆ ಕಳಸ್ರಿ ಬೇಕಾದ್ರ, ಆದ್ರ ಈಕಿನ್ನ ಇಳಿಸಿದ ಮ್ಯಾಲ ಕಳಸ್ರಿ.’

‘ಇದು ಸರ್ಕಾರಕ್ಕೆ ಮೋಸ!’ ಎಂದು ಸಾಹೇಬರು ಎದ್ದು ನಿಂತರು. ಅಷ್ಟರಲ್ಲಿ ಮಾಬುಬಿ, ಆ ಏಳು ತಿಂಗಳ ಕೂಸಿನ ತಾಯಿ, ‘ನಂದೂ ತಗೀತೀನಿ, ನನಗ ಬ್ಯಾಡ ಈ ಸುಳ್ಳು’ ಎಂದು ಗಡಿಬಿಡಿಯಲ್ಲಿ ತನ್ನ ಮಗನ ಚೀಲ ಕಿತ್ತಳು. ದಾರ ಎಲ್ಲಿಗೂ ಕಟ್ಟಿಲ್ಲ ಎಂಬುದು ಅವಳಿಗೆ ನೆನಪಿಗೆ ಬರುವಷ್ಟರಲ್ಲಿ ಕೂಸು ಅವಳ ಕೈ ಮೀರಿ ಮೇಲೇರಿ, ಗಾಳಿಗೆ ಹೊರಳಿ, ಸಾಹೇಬರೇ ತೆಗೆಸಿದ ಕಿಟಕಿಯ ಕಡೆ ಹೊರಟಿತು. ಯಾರು ಯಾರೋ ಚೀರಿದರು. ನಾನು ಜಿಗಿಯಲಾರೆ, ನನಗೆ ಒದ್ದು ಏಳಲು ನೆಲವೇ ಸಿಗುವುದಿಲ್ಲ. ಸಾಹೇಬರು ಕುರ್ಚಿ ಹತ್ತಿ, ಕೈ ಚಾಚಿ, ಕೂಸಿನ ಹಿಮ್ಮಡಿ ಹಿಡಿದು ಎದೆಗೆ ಎಳೆದುಕೊಂಡರು. ಕೂಸು ಊರು ಹಾರಿಹೋಗುವ ಹಾಗೆ ಅಳತೊಡಗಿತು.

‘ತಗೊಳ್ಳಿ ಇದನ್ನ!’ ಎಂದರು ಸಾಹೇಬರು ಕುರ್ಚಿಯ ಮೇಲಿಂದಲೇ.

‘ನೀವ ಮಾತಾಡಸ್ರಿ,’ ಎಂದೆ. ಅದು ಎಲ್ಲಿಂದ ಬಂತೋ ನನ್ನ ಬಾಯಿಗೆ.

‘ಏನಂತ ಮಾತಾಡಲಿ?’

‘ಪುಕ್ಕಟೆ ಸಿಗೂದಲ್ರಿ, ಏನರ ಮಾತಾಡ್ರಿ.’

ಪಾಪ, ಅವರಿಗೆ ಏನೂ ಹೊಳೆಯಲಿಲ್ಲ. ಕೊನೆಗೆ ಕಂಕುಳಲ್ಲಿದ್ದ ಕಡತ ತೆರೆದು, ಕೂಸಿನ ಕಣ್ಣನ್ನೊಮ್ಮೆ ನೋಡಿ, ಓದತೊಡಗಿದರು. ‘ಮೇಲ್ಕಂಡ ವಿಷಯಕ್ಕೆ ಸಂಬಂಧಿಸಿದಂತೆ ತಮ್ಮ ಗಮನಕ್ಕೆ ತರಬಯಸುವುದೇನೆಂದರೆ…’ ಕೂಸು ಅಳು ನಿಲ್ಲಿಸಿ ಅವರ ಮೀಸೆ ನೋಡಿತು. ಸಾಹೇಬರು ಮುಂದಿನ ಸಾಲಿಗೆ ಬಾಯಿ ತೆರೆದರು. ‘ಸಾಕ್ರಿ, ಈಗ ಸುಮ್ಮನಿರ್ರಿ,’ ಎಂದೆ. ‘ನೀವು ಹೇಳೀರಿ. ಅದು ಹೇಳೂ ತನಕ ಕಾಯ್ರಿ.’ ಅವರು ಕಾದರು. ಇಡೀ ದವಾಖಾನೆ ಕಾಯಿತು. ಕೂಸು ತುಟಿ ಮುಂದೆ ಮಾಡಿ, ‘ಬೂ’ ಎಂದಿತು.

‘ಹೌದಾ?’ ಎಂದರು ಸಾಹೇಬರು. ಅದನ್ನು ಯಾವ ಕಡತದಿಂದಲೂ ಓದಿರಲಿಲ್ಲ. ಕೂಸು ಕಾಲು ಝಾಡಿಸಿ ಇನ್ನೊಮ್ಮೆ ‘ಬೂ’ ಎಂದಿತು. ಸಾಹೇಬರ ಮುಖ ಬದಲಾಯಿತು. ಅವರ ಮೊಣಕೈ ತುಸು ಕೆಳಗೆ ಬಂದಿತ್ತು. ‘ಡಾಕ್ಟರೇ,’ ಎಂದರು ಮೆಲ್ಲಗೆ, ‘ಇದು… ಈಗ ಭಾರ ಆಯ್ತು.’ ಡಾಕ್ಟರು, ‘ಒಂದು ಬೆರಳಿನಷ್ಟ ಆಗಿರಬೇಕ್ರಿ. ಕೆಳಗ ಇಳೀರಿ, ಬಿದ್ದೀರಿ’ ಎಂದರು. ಸಾಹೇಬರು ಇಳಿದು, ಕೂಸನ್ನು ತಾಯಿಗೆ ಕೊಡದೆ ಬೆಂಚಿನ ಮೇಲೆ ಅವಳ ಪಕ್ಕದಲ್ಲೇ ಕೂತು ಸುತ್ತೋಲೆಯ ಎರಡು ಪುಟ ಓದಿ ಮುಗಿಸಿದರು. ತರಿಸಿದ ಚಹಾ ಆರಿಹೋಯಿತು.

ಮುಂದಿನ ವಾರ ಎರಡು ಕಾಗದ ಬಂದವು. ಒಂದು ನನಗೆ ಮೆಮೊ, ‘ಸಾರ್ವಜನಿಕ ಅಧಿಕಾರಿಗೆ ತಪ್ಪು ಚಿತ್ರಣ ನೀಡಿದ್ದಕ್ಕಾಗಿ.’ ಸರಿಯೇ, ಮಾಡಿದ್ದುಣ್ಣಬೇಕು. ಇನ್ನೊಂದರಲ್ಲಿ ಹುದ್ದೆಯನ್ನು ಮೂರು ತಿಂಗಳು ಮುಂದುವರಿಸಿದೆ ಎಂದಿತ್ತು, ಆಮೇಲಿನದನ್ನು ಆಮೇಲೆ ನೋಡಲಾಗುವುದಂತೆ. ಡಾಕ್ಟರು ಒಂದು ದಿನ ನನ್ನ ಜೊತೆ ಮಾತು ಬಿಟ್ಟರು. ಎರಡನೆಯ ದಿನ, ‘ಮೂರು ತಿಂಗಳು ಕಾಶವ್ವ. ಹನ್ನೆರಡು ಬೆರಳು’ ಎಂದಷ್ಟೇ ಅಂದರು.

ವಾರಕ್ಕೊಂದು ದಿನ ಸಾಲದು ಎಂದು ನಾನು ಶನಿವಾರ, ನಿಂಬೆವ್ವ ಮಗಳನ್ನೂ ಕರೆದೊಯ್ಯುವ ಆ ವಖಾರಿಗೇ ಹೋದೆ. ಅಲ್ಲೇ ಕೂತು ಬಾಳವ್ವನನ್ನು ಮಾತಾಡಿಸುತ್ತೇನೆ ಎಂಬ ಲೆಕ್ಕ. ಬಾಗಿಲು ದಾಟಿ ‘ಬಾಳವ್ವಾ’ ಎನ್ನಲು ಬಾಯಿ ತೆರೆದೆ ನೋಡಿ, ಘಾಟು ಗಂಟಲಿಗೆ ಹೊಕ್ಕು ಕೆಮ್ಮಿ ಕೆಮ್ಮಿ ಕಣ್ಣಲ್ಲಿ ನೀರು, ಮೂಗಲ್ಲಿ ನೀರು. ಹೆಂಗಸರ ಬಾಯಿಗೆ ಬಟ್ಟೆ ಇದ್ದರೂ ಅವರು ನಗುತ್ತಿದ್ದದ್ದು ಹೆಗಲು ಕುಣಿಯುವುದರಿಂದಲೇ ತಿಳಿಯುತ್ತಿತ್ತು. ಒಬ್ಬಳು ನನಗೂ ಬಟ್ಟೆ ಕಟ್ಟಿದಳು. ಬಾಯಿ ಕಟ್ಟಿದ ಕಾಶವ್ವ ಯಾವ ಕೆಲಸಕ್ಕೆ ಬಂದಾಳು? ಸುಮ್ಮನೆ ಗೋಡೆಗೆ ಆತು ಕೂತೆ. ಕೂತದ್ದರಿಂದಲೇ ಅದು ಕಣ್ಣಿಗೆ ಬಿತ್ತು.

ನಿಂಬೆವ್ವನ ಎರಡೂ ಕೈ ತೊಟ್ಟು ಮುರಿಯುತ್ತಿದ್ದವು. ಬಾಳವ್ವ ಮೂಗುಬಾಯಿಗೆ ಪುಟ್ಟ ಬಟ್ಟೆ ಕಟ್ಟಿಸಿಕೊಂಡು ಪಕ್ಕದಲ್ಲಿ ಒಂದು ಗೇಣು ಮೇಲೆ ಕೂತಂತೆ ತೇಲುತ್ತಿದ್ದಳು, ಅವಳ ದಾರದ ತುದಿ ತಾಯಿಯ ಕಾಲಿನ ಹೆಬ್ಬೆರಳಿಗೆ ಕಟ್ಟಿತ್ತು. ನಿಂಬೆವ್ವ ಹೆಬ್ಬೆರಳನ್ನು ಒಮ್ಮೆ ಮಡಚಿದಳು. ದಾರ ಜಗ್ಗಿತು. ಆಮೇಲೆ ಬೆರಳು ಸುಮ್ಮನಾಯಿತು. ತೊಟ್ಟು ಮುರಿಯುತ್ತಲೇ ಅವಳು ಮಗಳನ್ನು ನೋಡುತ್ತ ಕಾದಳು, ಅವಸರವಿಲ್ಲದೆ, ನಾನು ಆರು ವರ್ಷದಲ್ಲಿ ಒಮ್ಮೆಯೂ ಕಾಯದ ಹಾಗೆ. ಬಾಳವ್ವ ಸೊಂಟದ ಹತ್ತಿರ ದಾರ ಹಿಡಿದು ಒಮ್ಮೆ ಜಗ್ಗಿದಳು. ನಿಂಬೆವ್ವ ಎರಡು ಸಲ. ಬಾಳವ್ವ ಎರಡು ಸಲ ಜಗ್ಗಿ, ಬಟ್ಟೆಯ ಮೇಲಿನ ತಾಯಿಯ ಕಣ್ಣು ನೋಡಿ ಕಿಸಕ್ಕನೆ ನಕ್ಕಳು. ನನ್ನ ಕಣ್ಣಿಂದ ಮತ್ತೆ ನೀರು ಬಂತು. ಈ ಸಲದ್ದು ಮೆಣಸಿನಕಾಯಿಯ ಘಾಟಿಗಲ್ಲ.

ಸಂಜೆ ಹೊರಗೆ ಬಂದ ಮೇಲೆ, ‘ಯಾರು ಕಲಿಸಿದ್ರ ನಿನಗ?’ ಎಂದು ಕೇಳಿದೆ. ‘ನೀನ ಹೇಳಿದ್ದಿಯಲ್ಲ ಬೇ,’ ಎಂದಳು ಆ ಗರಗರ ದನಿಯಲ್ಲಿ, ‘ಕೇಳು, ಕಾಯಿ ಅಂತ. ಬಾಯಿ ಕಟ್ಟೈತಿ, ಕೈಗೆ ಕೆಲಸ ಐತಿ. ಕಾಲು ಖಾಲಿ ಇತ್ತು.’ ಮುಂದಿನ ವಾರದ ಹೊತ್ತಿಗೆ ವಖಾರಿಯ ಹೆಂಗಸರೆಲ್ಲ ತಮ್ಮ ತಮ್ಮ ಕೂಸಿನ ದಾರವನ್ನು ಹೆಬ್ಬೆರಳಿಗೆ ಕಟ್ಟಿಕೊಂಡಿದ್ದರು. ನಾನು ಅದನ್ನು ನೋಡಿದ ಹಾಗೆಯೇ ಬರೆದು ಜಿಲ್ಲಾ ಕಚೇರಿಗೆ ಕಳಿಸಿದೆ. ಈ ಸಲ ಒಂದು ಅಕ್ಷರವೂ ಸುಳ್ಳಿರಲಿಲ್ಲ.

ಬಾಳವ್ವ ಇಳಿಯುತ್ತ ಬಂದಳು. ಹತ್ತು ಬೆರಳು, ಎಂಟು, ಒಂದು ವಾರ ಎಂಟಕ್ಕೇ ನಿಂತು ನಮ್ಮ ಜೀವ ತಿಂದಳು, ಮತ್ತೆ ಆರು. ಮೂರು ಬೆರಳು ಉಳಿದಿದ್ದಾಗ ಜಿಲ್ಲೆಯಿಂದ ಪತ್ರ ಬಂತು, ಹುದ್ದೆ ಇನ್ನೊಂದು ವರ್ಷ ಇರುತ್ತದೆ, ವಖಾರಿಗೂ ವಾರಕ್ಕೆರಡು ದಿನ ಹೋಗಬಹುದು ಎಂದು. ಜೊತೆಗೆ ಹೊಸ ನಮೂನೆಯೊಂದು. ಅದರಲ್ಲಿ ‘ಆಡಿದ ಮಾತು’ ಎಂಬುದರ ಪಕ್ಕದಲ್ಲಿ ‘ಉತ್ತರಕ್ಕಾಗಿ ಕಾಯ್ದ ಸಮಯ’ ಎಂದು ಬೇರೆಯೇ ಒಂದು ಕಾಲಂ ಇತ್ತು. ಕೆಳಗೆ ವಿರೂಪಾಕ್ಷಯ್ಯನವರ ಸಹಿ. ಡಾಕ್ಟರು ಅದನ್ನು ಮೂರು ಸಲ ಓದಿ, ನನ್ನ ಮುಂದೆ ಇಟ್ಟು, ‘ಇದನ್ನ ತುಂಬಾಕ ನಿನಗ ಭಾಳ ತ್ರಾಸ ಆಗತೈತಿ’ ಎಂದು ನಕ್ಕರು. ನನಗೆ ನಗು ಬರಲಿಲ್ಲ. ಹುದ್ದೆಗೆ ವರ್ಷ ಸಿಕ್ಕಿತ್ತು, ಬಾಳವ್ವನಿಗೆ ಉಳಿದದ್ದು ಹದಿನೈದೇ ದಿನ.

ಬಾಳವ್ವ ಹುಟ್ಟಿದ್ದು ಮಧ್ಯಾಹ್ನ ಗಿರಣಿಯ ಸಿಳ್ಳು ಕೂಗುವ ಹೊತ್ತಿಗೆ. ದಾರ ಕತ್ತರಿಸುವ ದಿನ ನಿಂಬೆವ್ವ ಅವಳಿಗೆ ಎಣ್ಣೆ ಹಚ್ಚಿ ಎರೆದು, ಹಳದಿ ಲಂಗ ತೊಡಿಸಿ ದವಾಖಾನೆಗೇ ಕರೆತಂದಳು. ವಖಾರಿಯ ಹೆಂಗಸರೂ ಬಂದಿದ್ದರು. ನಾನು ಅವಳನ್ನು ಗೆರೆಯ ಮುಂದೆ ನಿಲ್ಲಿಸಿ ಬಗ್ಗಿ ನೋಡಿದೆ. ಒಂದು ಬೆರಳು. ಇನ್ನೊಮ್ಮೆ ನೋಡಿದೆ. ಒಂದೇ ಬೆರಳು, ನನ್ನಷ್ಟೇ ಎತ್ತರ. ಹಿಂದಿನಿಂದ ಒಬ್ಬಳು ಸಮಾಧಾನಕ್ಕೆಂದು, ‘ಇರಲಿ ಬಿಡವಾ, ಒಂದ ಬೆರಳಲ್ಲ? ಕಾಶವ್ವ ಬಾಳೇ ಮಾಡ್ಲಿಲ್ಲೇನು’ ಎಂದಳು. ನಾನು ಸರ್‍ರನೆ ತಿರುಗಿ, ‘ನನ್ನ ಬಾಳೇದ ಸುದ್ದಿ ನಿನಗೇನ ಗೊತ್ತ? ಸುಮ್ಮನ ಕೂಡು!’ ಎಂದು ಕಿರುಚಿಬಿಟ್ಟೆ. ಅವಳು ಪಾಪ ಒಳ್ಳೆಯದಕ್ಕೇ ಅಂದಿದ್ದಳು.

ಗಡಿಯಾರದಲ್ಲಿ ಇನ್ನು ಹತ್ತು ನಿಮಿಷ. ಡಾಕ್ಟರು ಕತ್ತರಿ ಹಿಡಿದು ಬಂದು ಕೂತರು. ನನಗೆ ಕೈಕಾಲು ಆಡಲಿಲ್ಲ, ಬಾಯಿ ಮಾತ್ರ ಆಡಿತು. ಬಾಳವ್ವಾ ಇಲ್ಲಿ ನೋಡು, ಅಲ್ಲಿ ನೋಡು, ಗುಬ್ಬಿ ನೋಡು, ನಿನ್ನ ಲಂಗ ನೋಡು ಎಂದು ಒಂದೇ ಸಮನೆ ಸುರಿಯತೊಡಗಿದೆ. ಹುಡುಗಿ ಕಂಗಾಲಾಗಿ ಕಣ್ಣು ಮಿಟುಕಿಸಿದಳು. ‘ಕಾಶವ್ವ,’ ಎಂದರು ಡಾಕ್ಟರು, ‘ಬಾಯಿ ಮುಚ್ಚು. ಕಾಯಿ.’

ಮುಚ್ಚಿದೆ. ನಿಂಬೆವ್ವ ಗಾರೆ ನೆಲದ ಮೇಲೆ ಕಾಲು ಚಾಚಿ ಕೂತಿದ್ದಳು, ದಾರ ಹೆಬ್ಬೆರಳಿಗೆ ಕಟ್ಟಿತ್ತು. ಜಗ್ಗುತ್ತಾಳೆ ಎಂದು ಎಲ್ಲರೂ ಅವಳ ಬೆರಳನ್ನೇ ನೋಡುತ್ತಿದ್ದೆವು. ಅವಳು ಜಗ್ಗಲಿಲ್ಲ. ಮಗಳ ಮುಖ ನೋಡುತ್ತ ಸುಮ್ಮನೆ ಕೂತಳು. ಗಡಿಯಾರದ ಮುಳ್ಳು ಸರಿಯುವುದು ನನಗೆ ಕೇಳುತ್ತಿತ್ತು. ಜಗ್ಗೇ ನಮ್ಮವ್ವ, ಜಗ್ಗೇ ಎಂದು ನಾನು ಒಳಗೊಳಗೇ ಹೊಯ್ದಾಡಿದೆ. ಆಗ ಬಾಳವ್ವ ದಾರ ಹಿಡಿದಳು. ಯಾರೂ ಕೇಳಿರಲಿಲ್ಲ, ಯಾರೂ ಕರೆದಿರಲಿಲ್ಲ. ತಾನೇ ಮೊದಲಾಗಿ ಒಮ್ಮೆ ಜಗ್ಗಿದಳು. ಜಗ್ಗಿ, ತಾಯಿಯ ಕಣ್ಣು ನೋಡುತ್ತ, ಉತ್ತರಕ್ಕೆ ಕಾದಳು.

‘ಏನವಾ ನನ್ನ ಬಾಳವ್ವಾ?’ ಎಂದಳು ನಿಂಬೆವ್ವ. ದನಿ ಒಡೆದು ಚೂರುಚೂರಾಗಿತ್ತು.

‘ಕೆಳಗ,’ ಎಂದಳು ಹುಡುಗಿ. ‘ಅವ್ವನ ಕಡೆ.’

ಮೊದಲು ಎಡಗಾಲಿನ ಹಿಮ್ಮಡಿ ಮುಟ್ಟಿತು. ಆಮೇಲೆ ಬಲಗಾಲು. ಅವಳು ಬೆಚ್ಚಿ ಮೊಣಕಾಲು ಎತ್ತಿದಳು, ನೆಲ ತಣ್ಣಗಿತ್ತಲ್ಲ, ಮತ್ತೆ ಇಟ್ಟಳು. ಗಿರಣಿಯ ಸಿಳ್ಳು ಕೂಗಿತು. ಡಾಕ್ಟರು ದಾರ ಕತ್ತರಿಸಿದರು, ಬಾಳವ್ವ ಇದ್ದಲ್ಲೇ ಇದ್ದಳು. ವಖಾರಿಯ ಹೆಂಗಸರು ಒಬ್ಬರನ್ನೊಬ್ಬರು ತಬ್ಬಿಕೊಂಡು ಅತ್ತರು. ನಿಂಬೆವ್ವ ಮಗಳ ಎರಡೂ ಪಾದ ಹಿಡಿದು ಹಣೆಗೆ ಒತ್ತಿಕೊಂಡಳು, ಬಿಡಲೇ ಇಲ್ಲ. ನಾನು ಗೋಡೆ ಹಿಡಿದು ನಿಂತು ಕಾರ್ಡಿನಲ್ಲಿ ‘ನೆಲ’ ಎಂದು ಬರೆದೆ.

ಸ್ವಲ್ಪ ಹೊತ್ತಿಗೆ ಬಾಳವ್ವ ಬಿಡಿಸಿಕೊಂಡು ನಡೆಯತೊಡಗಿದಳು. ಒರೆಸಿದ ನೆಲ ಇನ್ನೂ ಹಸಿಯಾಗಿತ್ತು, ಎಣ್ಣೆ ಹಚ್ಚಿದ ಪುಟ್ಟ ಪಾದಗಳ ಗುರುತು ಒಂದರ ಹಿಂದೊಂದು ಮೂಡಿ ನನ್ನ ಹತ್ತಿರ ಬಂದು ನಿಂತವು. ಅವಳು ತನ್ನ ಕಾಲು ನೋಡಿಕೊಂಡಳು, ನನ್ನ ಕಾಲು ನೋಡಿದಳು. ಕುಕ್ಕರುಗಾಲಲ್ಲಿ ಕೂತು, ತಲೆ ಓರೆ ಮಾಡಿ, ನನ್ನ ಪಾದಕ್ಕೂ ನೆಲಕ್ಕೂ ನಡುವೆ ಬರುವ ಬೆಳಕನ್ನು ಬಗ್ಗಿ ನೋಡಿದಳು. ನಲವತ್ತೊಂದು ವರ್ಷದಲ್ಲಿ ನಾನು ನಿಂತಾಗ ನನ್ನ ಅಂಗಾಲಿಗೆ ಏನೂ ತಾಗಿರಲಿಲ್ಲ. ಬಾಳವ್ವ ತನ್ನ ಅಂಗೈಯನ್ನು ಆ ಜಾಗದಲ್ಲಿ ತೂರಿಸಿದಳು. ಒಂದು ಬೆರಳಿನ ಜಾಗ, ಅಂಗೈ ಸರಿಯಾಗಿ ಹಿಡಿಸಿತು.

ಬೆಚ್ಚಗಿತ್ತು. ಅವಳ ಕೈ ತುಳಿಯುವಷ್ಟು ಭಾರ ನಾನಲ್ಲ, ಆದರೂ ನಾನು ಅಲುಗಲಿಲ್ಲ. ಅವಳು ಮುಖ ಮೇಲೆತ್ತಿ, ‘ಮುಟ್ಟಿತಾ?’ ಎಂದು ಕೇಳಿದಳು. ಕೇಳಿ, ನನ್ನ ಕಣ್ಣು ನೋಡುತ್ತ ಕಾದಳು. ನನಗೆ, ಮಾತಿನ ಕಾಶವ್ವನಿಗೆ, ಬಹಳ ಹೊತ್ತು ಮಾತೇ ಹೊರಡಲಿಲ್ಲ. ಅವಳು ಕೈ ತೆಗೆಯದೆ ಕಾಯುತ್ತಲೇ ಇದ್ದಳು.